ಇಪ್ಪತ್ತಾರನೇ ನಂಬರಿನ ರಸ್ತೆ

ಮೂವತ್ತೊಂದು ವರ್ಷದಿಂದ ಮರಿಯೆಟ್ಟಾದಲ್ಲಿ
ಊರ ಕಾರುಗಳ ಗಾಲಿ ನೆಟ್ಟಗೆ ಮಾಡುವವಳು ನಾನು.
ಯಾವುದು ಎಡಕ್ಕೆ ಎಳೆಯುತ್ತದೆ, ಯಾವುದು ಬಲಕ್ಕೆ,
ಟಯರು ಸವೆದ ಬಗೆ ನೋಡಿಯೇ ಹೇಳಬಲ್ಲೆ;
ಓಡಿಸುವವರ ಬಗ್ಗೆಯೂ ಒಂದಿಷ್ಟು, ಕೇಳಿದರೆ.
ಯಾರೂ ಕೇಳುವುದಿಲ್ಲ.

ಎಮೆಟ್ ಟಿಬಲ್ಸನದು ಅರವತ್ತೊಂಬತ್ತರ ಪಾಂಟಿಯಾಕ್ ಜಿಟಿಒ.
ಹಸಿರು. ಎಂಟು ಸಿಲಿಂಡರಿನ ಗುಡುಗು.
ಕಾಲಿಟ್ಟರೆ ಸಾಕು, ಹಗ್ಗ ಹರಿದ ಹೋರಿ;
ಬೆನ್ನು ಸೀಟಿಗೆ ಅಂಟಿ
ಒಹಾಯೋ ನದಿ ಪಕ್ಕದ ನೇರ ದಾರಿ ಎರಡೇ ಉಸಿರಿಗೆ ಖಾಲಿ.
ಆಮೇಲೆ ತಿರುವು ಬರುತ್ತದೆ.
ತಿರುವಿನ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತದೆ.
ಸ್ಟೇರಿಂಗು ಗಂಜಿಯೊಳಗಿನ ಸೌಟು,
ಮೂತಿ ಯಾರದೋ ಜೋಳದ ಹೊಲದ ಕಡೆಗೆ,
ಬ್ರೇಕು ಮೂರನೇ ಸಲಕ್ಕೆ ಕಮರು ನಾರುತ್ತ
ನನ್ನಿಂದಾಗದು ಅನ್ನುತ್ತದೆ.

ತಂಗಿ ಡಾರ್ಲಾಳದು ಅರವತ್ತೈದರ ಕಾರ್ವೇರ್.
ಎಂಜಿನು ಹಿಂದೆ, ಡಿಕ್ಕಿ ಮುಂದೆ,
ಅಂಗಿ ತಿರುಗಾಮುರುಗಾ ತೊಟ್ಟ ಹಾಗೆ.
ಏರಿನಲ್ಲಿ ಏದುಸಿರು. ಹೀಟರು ಹಾಕಿದರೆ ಎಣ್ಣೆ ವಾಸನೆ.
ಮುಂದಿನ ಗಾಲಿಗೆ ಗಾಳಿ ಕಮ್ಮಿ, ಹಿಂದಿನದಕ್ಕೆ ಜಾಸ್ತಿ;
ಈ ಲೆಕ್ಕ ತಪ್ಪಿತೋ, ಬಾಲವೇ ಮುಂದಾಗುತ್ತದೆ.
ನಡುತಿರುವಿನಲ್ಲಿ ಹೆದರಿ ಕಾಲು ತೆಗೆದರಂತೂ ಮುಗಿಯಿತು.
ಹೆದರದವರಿಗೆ ಮಾತ್ರ
ಬೆರಳಲ್ಲಿ ಹಿಡಿದ ಸೂಜಿ ಅದು.
ರಸ್ತೆಯ ಒಂದೊಂದು ಹರಳೂ
ಅಂಗೈಗೆ ಬಂದು ಹೆಸರು ಹೇಳಿ ಹೋಗುತ್ತದೆ.

ನಲವತ್ತು ವರ್ಷ ಇದೇ ಜಗಳ,
ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ,
ಅಪ್ಪನನ್ನು ಮಣ್ಣು ಮಾಡಿದ ದಿನ ಚರ್ಚಿನ ಮೆಟ್ಟಿಲ ಮೇಲೆ.
'ನಿನ್ನದು ಹೊಲಿಗೆ ಮೆಶೀನು.'
'ನಿನ್ನದು ಚಕ್ರ ಕಟ್ಟಿದ ಸೋಫಾ.'
ಒಬ್ಬರದನ್ನೊಬ್ಬರು ಒಮ್ಮೆಯೂ ಓಡಿಸಿದವರಲ್ಲ.

ಆಮೇಲೆ ಎಮೆಟ್‌ನ ಎಡಮಂಡಿ ಹೋಯಿತು.
ಪಾಂಟಿಯಾಕಿನ ಕ್ಲಚ್ಚು ತುಳಿಯುವುದೆಂದರೆ
ಮೊಂಡು ಕತ್ತೆಯನ್ನು ಹೊಸಿಲು ದಾಟಿಸಿದ ಹಾಗೆ.
ಕಾರ್ವೇರಿನದು ಬೆಣ್ಣೆ.
ಹೀಗೆ ಅಕ್ಟೋಬರಿನ ಒಂದು ಭಾನುವಾರ
ನನ್ನ ಅಂಗಡಿಯ ಮುಂದೆ, ಮುಖ ನೋಡಿಕೊಳ್ಳದೆ,
ಬೀಗದ ಕೈ ಅದಲುಬದಲು.

ಅವನು ಇಪ್ಪತ್ತಾರನೇ ನಂಬರು ಹಿಡಿದು ಉತ್ತರಕ್ಕೆ ಹೋದ,
ಹಳ್ಳ ಹೊರಳಿದತ್ತ ಹೊರಳುವ ದಾರಿ,
ಸೂರು ಹೊದ್ದ ಮರದ ಸೇತುವೆಗಳು,
ಸೇಪಲ್ ಎಲೆ ಉದುರಿ ನುಣುಪಾದ ಅಂಕುಡೊಂಕು.
ಅವಳು ನದಿಯ ಪಕ್ಕ ನೆಟ್ಟಗೆ.

ಸಂಜೆ ಬಂದರು.
'ಹೀಟರು ನಾರುತ್ತೆ' ಎಂದ.
'ಬ್ರೇಕು ತೋರಿಸು' ಎಂದಳು.
ಅಷ್ಟೇ.

ಸೋಮವಾರ ಎರಡನ್ನೂ ಎತ್ತಿ ನೋಡಿದೆ.
ಕಾರ್ವೇರಿನ ಟಯರು ಭುಜದವರೆಗೂ ಉಜ್ಜಿತ್ತು;
ಮಂಡಿನೋವಿನವನು
ಆ ತಿರುವುಗಳಿಗೆ ಒಂದು ಸಲ ಹೋಗಿ ತೃಪ್ತನಾದವನಲ್ಲ.
ಪಾಂಟಿಯಾಕಿನ ಹಿಂದಿನ ಗಾಲಿ ಬೋಳು.
ನದಿರಸ್ತೆಯ ಮೇಲೆ, ಧಾನ್ಯದ ಗೋದಾಮಿನ ಎದುರು,
ಎರಡು ಕರಿಗೆರೆ ಎಳೆದವರಾರೆಂದು
ಊರು ಇನ್ನೂ ಹುಡುಗರನ್ನು ಬೈಯುತ್ತಿದೆ.

ಬೀಗದ ಕೈ ವಾಪಸು ಕೇಳಲು ಇಬ್ಬರೂ ಬರಲಿಲ್ಲ.
ಬಿಲ್ಲು ಬರೆಯಬೇಕು.
ಯಾವುದರ ಮೇಲೆ ಯಾರ ಹೆಸರು ಎಂದು
ಪೆನ್ನು ಹಿಡಿದು ಕೂತಿದ್ದೇನೆ.