ದಂಡು, ದಂಡ

ದಂಡು ಬಿಟ್ಟು ಬಂದವನು ನಮಗೆ ದಂಡ ಹಾಕಲು ಕೂತ.
ಬೇನಿಯ ಜೀಪ್ ಸ್ಟ್ಯಾಂಡಿನಲ್ಲಿ ಅದೇ ಮೊದಲ ನಗೆ.
ಸುಬೇದಾರ್ ಗಂಜಮಾನ್ ಪುನ್,
ಇಪ್ಪತ್ತೆಂಟು ವರ್ಷ ಪರದೇಶದ ಪಲ್ಟನ್ನು;
ಈಗ ತಗಡಿನ ಗೂಡು, ಮೂರು ಕಾಲಿನ ಮೇಜು
(ನಾಲ್ಕನೆಯದು ಕಾಳಿಗಂಡಕಿಯ ಒಂದು ಕಲ್ಲು),
ಒಂದು ಸೀಟಿ, ಒಂದು ನೋಟುಬುಕ್ಕು.

ಮೊದಲ ದಿನ ನಸುಕಿನ ಐದಕ್ಕೆ ಸೀಟಿ ಊದಿದ.
ಒಂದು ನಾಯಿ ಬಂತು.
ಎರಡನೆಯ ದಿನ ಅದೇ ನಾಯಿ, ಸ್ವಲ್ಪ ತಡವಾಗಿ.
ಮೂರನೆಯ ದಿನ ಗುಡ್ಡ ಮಾರ್ದನಿಸುವ ಹಾಗೆ ಗದರಿದ.
ನಾವು ಹನ್ನೊಂದು ಮಂದಿ ಡ್ರೈವರುಗಳು,
ಯಾರಪ್ಪನಿಗೂ ಸಲ್ಯೂಟು ಹೊಡೆದವರಲ್ಲ,
ಚಹದ ಗ್ಲಾಸು ಕೆಳಗಿಡದೆ ಕೇಳಿದೆವು:
ಯಾಕೆ?

ಆ ಪದ ಅವನಿಗೆ ಹೊಸದು.
ಮನೆಗೊಯ್ದು ರಾತ್ರಿಯೆಲ್ಲ
ಬಿಚ್ಚಿ, ಎಣ್ಣೆ ಹಚ್ಚಿ, ಒರೆಸಿ,
ಮತ್ತೆ ಜೋಡಿಸಿ ನೋಡಿರಬೇಕು.
ಬೆಳಿಗ್ಗೆ ಸೀಟಿಯಿಲ್ಲದೆ ಬಂದು
ನನ್ನ ಪಕ್ಕದ ಸೀಟಿನಲ್ಲಿ ಕೂತ.
ಘಾಸಾದವರೆಗೂ ಮಾತಿಲ್ಲ. ವಾಪಸು ಬರುವಾಗಲೂ ಇಲ್ಲ.
ಮರುದಿನ ಭುಯೆಲ್‌ನ ಜೀಪು. ಅದರ ಮರುದಿನ ತುಲಾಚನ್‌ದು.
ಹನ್ನೊಂದು ದಿನ, ಹನ್ನೊಂದು ಜೀಪು,
ಮಡಿಲಲ್ಲಿ ನೋಟುಬುಕ್ಕು.

ಹನ್ನೆರಡನೆಯ ದಿನ ನನ್ನ ಕರೆದ:
'ತಾತೋಪಾನಿ ದಾಟಿ ಮೂರನೇ ತಿರುವು.
ಅಲ್ಲಿ ನೀನು ಹಾರ್ನು ಹೊಡೆಯುವುದಿಲ್ಲ. ಯಾಕೆ?'
ಹೇಳಿದೆ. ಮೇಲಿನ ಮನೆಯಲ್ಲಿ
ಹೆದರಿ ಬೆಚ್ಚುವ ಒಂದು ಕೂಸಿದೆ.
ಬರೆದುಕೊಂಡ. ಕೆಳಗೊಂದು ಗೆರೆ ಎಳೆದ.
ಆಮೇಲೆ ಆ ತಿರುವಿನಲ್ಲಿ ಹನ್ನೊಂದು ಜೀಪೂ
ದೀಪ ಮಿನುಗಿಸಿ, ಸದ್ದಿಲ್ಲದೆ ದಾಟಿದವು.

ತಡವಾದರೆ ದಂಡ, ಕುಡಿದರೆ ದಂಡ,
ಹತ್ತರ ಸೀಟಿಗೆ ಹದಿನಾಲ್ಕು ತುರುಕಿದರೆ ದಂಡ.
ಬಿಸ್ಕತ್ತಿನ ಡಬ್ಬಿ ತುಂಬಿ
ಕ್ಲೀನರ್ ಹುಡುಗನ ಮುರಿದ ಕಾಲಿಗೆ ಪಟ್ಟಿಯಾಯಿತು.
ನಗುವುದು ಬಿಟ್ಟೆವು ಅಂತಲ್ಲ.
ಹೆಂಡತಿ ದಿಲ್‌ಸರಾ ಬುತ್ತಿ ಹಿಡಿದು ಬಂದರೆ
ಸುಬೇದಾರ ಎದ್ದು ನಿಲ್ಲುವ ವೇಗ
ಇಡೀ ಸ್ಟ್ಯಾಂಡಿಗೆ ಗೊತ್ತಿತ್ತು.

ಒಮ್ಮೆ ಯಾರೋ ಕೇಳಿದರು, 'ಎಷ್ಟು ಜನರನ್ನು ಕೊಂದೆ?'
'ಎಷ್ಟು ಜನರನ್ನು ವಾಪಸು ತಂದೆ ಅಂತ ಕೇಳು,' ಅಂದ.
ಕೇಳಿದರು.
ಅದಕ್ಕೂ ಉತ್ತರ ಹೇಳಲಿಲ್ಲ.

ಆ ಆಷಾಢ, ರೂಪ್ಸೆ ಝರಿಯ ಬಳಿ
ನನ್ನ ಮುಂದೆ ಗುಡ್ಡ ಕುಸಿಯಿತು, ಹಿಂದೆಯೂ.
ಫೋನು ಸತ್ತಿತ್ತು. ಒಂಬತ್ತು ಜನ, ಎರಡು ಆಡು.
ಇಳಿಸಿದೆ. ಬಂಡೆಯ ಮರೆಗೆ ನಡೆಸಿದೆ. ಎಣಿಸಿದೆ.
ಕಾಲು ಗಂಟೆಗೊಮ್ಮೆ ಮತ್ತೆ ಎಣಿಸಿದೆ.
ಯಾಕೆ ಅಲ್ಲಿ ಕೂರಬಾರದು ಎಂದು ಮುದುಕನೊಬ್ಬನಿಗೆ
ತಾಳ್ಮೆಯಿಂದ ಹೇಳಿದೆ, ನಾನು, ಹುಟ್ಟಾ ಮುಂಗೋಪಿ.
ಇದ್ದ ನೂಡಲ್ಸ್ ಪೊಟ್ಟಣಗಳು ಕೈಯಿಂದ ಕೈಗೆ ಹೋಗಿ
ನನ್ನ ತನಕ ಬರುವಷ್ಟರಲ್ಲಿ ಬರೀ ಉಪ್ಪಿನ ಪುಡಿ.
ನೆಕ್ಕುತ್ತಾ ಹೊಳೆಯಿತು:
ಗಂಟಲು ನನ್ನದು, ಎಣಿಸುತ್ತಿದ್ದ ದನಿ ಮಾತ್ರ ನನ್ನದಲ್ಲ.

ಬೆಳಕು ಹರಿದ ಮೇಲೆ ಕೆಸರು ದಾಟಿ, ನಡೆದು,
ಸಿಕ್ಕ ಟ್ರಾಕ್ಟರು ಹತ್ತಿ, ಮಧ್ಯಾಹ್ನ ಸ್ಟ್ಯಾಂಡು ಸೇರಿದೆ.
ತಗಡಿನ ಗೂಡಲ್ಲಿ ಹಗಲಲ್ಲೂ ಉರಿಯುವ ಲಾಟೀನು,
ಮುಚ್ಚಿದ ತಟ್ಟೆಯಲ್ಲಿ ನಿನ್ನೆಯ ಅನ್ನ,
ಮೇಜಿನ ಕೆಳಗೆ ಆ ನಾಯಿ.
ಪುಸ್ತಕದಲ್ಲಿ ಹನ್ನೊಂದು ಹೆಸರು, ಹತ್ತು ಗುರುತು.
ನನ್ನ ಹೆಸರಿನ ಮುಂದೆ ಪೆನ್ಸಿಲ್ಲು ಒತ್ತಿ ಒತ್ತಿ
ಹಾಳೆ ತೂತಾಗಿತ್ತು.

'ಒಂಬತ್ತೂ?' ಕೇಳಿದ.
'ಒಂಬತ್ತೂ. ಆಡುಗಳೂ.'
'ಲೇಟು,' ಅಂದ. 'ಐವತ್ತು ರೂಪಾಯಿ.'

ನೂರರ ಒದ್ದೆ ನೋಟು ಕೊಟ್ಟೆ.
ಡಬ್ಬಿಯೊಳಗೆ ಕೈ ಹಾಕಿ, ತಲೆ ಎತ್ತದೆ,
ಚಿಲ್ಲರೆ ಹುಡುಕಿದ,
ಹುಡುಕುತ್ತಲೇ ಇದ್ದ.