ಇಪ್ಪತ್ತೊಂದು, ಹದಿನೈದು, ಒಂಬತ್ತು

ಶಿಡ್ಲಘಟ್ಟದ ಬಷೀರ್ ಸಾಬರ ಚರಕ ನಿಂತು ಏಳು ವರ್ಷ.
ಈಗ ಅದೇ ಶೆಡ್ಡಿನಲ್ಲಿ ಅವರ ಮಗ ಇಮ್ತಿಯಾಜ್
ಬೆಳಗಿನ ಐದೂವರೆಗೆ ನಮ್ಮನ್ನು ಕುದಿಸುತ್ತಾನೆ.
ತೊಟ್ಟಿ ಕಿತ್ತ ಗುರುತು ನೆಲದಲ್ಲಿ ಇನ್ನೂ ಇದೆ,
ಸಿಮೆಂಟಿನ ಸುತ್ತುಗಳು; ಸುತ್ತಿಗೊಬ್ಬರಂತೆ ನಾವು.
ಮಳೆ ಬಿದ್ದರೆ ಗೋಡೆಯಿಂದ ಹುಳದ ಘಾಟು ಹೊರಡುತ್ತದೆ.
ಹೊಸಬರು ಮೂಗು ಮುಚ್ಚುತ್ತಾರೆ,
ಊರಿನವರು ಉಸಿರೆಳೆದು ಬಾರ್ ಎತ್ತುತ್ತೇವೆ.

ನಾನು ಅಂಚೆ ಕಚೇರಿಯ ಎರಡನೇ ಕೌಂಟರು. ವಯಸ್ಸು ನಲವತ್ತನಾಲ್ಕು.
ಕೂತು ಕೂತು ಕುರ್ಚಿಗೆ ನನ್ನ ಆಕಾರ,
ನನಗೆ ಕುರ್ಚಿಯದು ಬಂದಿತ್ತು.
ಬರಿಹೊಟ್ಟೆಯ ಸಕ್ಕರೆ ಇನ್ನೂರ ಹನ್ನೆರಡು.
ಚೀಟಿ ಕೊಡುವಾಗ ಲ್ಯಾಬಿನ ಹುಡುಗಿ ನನ್ನ ಮುಖ ನೋಡಲಿಲ್ಲ.

ಮೊದಲ ದಿನ ಲಾರಿ ಟೈರು ಒಂದಿಂಚೂ ಏಳಲಿಲ್ಲ.
ಎರಡನೇ ತಿಂಗಳು ಎದ್ದಿತು, ಅರೆಕ್ಷಣ ಯೋಚಿಸಿತು,
ಎಮ್ಮೆ ಮಲಗುವ ಹಾಗೆ ಆಚೆಗೆ ಉರುಳಿತು.
ಧೂಳಿನೊಳಗೆ ನಕ್ಕೆ; ನಗುವಷ್ಟು ಉಸಿರು ಎಲ್ಲಿತ್ತೋ.
ಟಪಾಲು ಚೀಲ ಎಳೆಯಲು ಕದಿರಪ್ಪನನ್ನು ಕರೆಯುವುದು ಬಿಟ್ಟೆ.
ಸಕ್ಕರೆ ನೂರಿಪ್ಪತ್ತೆಂಟಕ್ಕೆ ಇಳಿಯಿತು.
ನಿದ್ದೆ, ಬಾವಿಗೆ ಬಿದ್ದ ಕಲ್ಲು.
ಮತ್ತೆ ಇನ್ನೊಂದಿದೆ, ಮನೆಯಲ್ಲಿ ಹೇಳಿಲ್ಲ:
ಮುಗಿದ ಮೇಲೆ ಅಂಗಾತ ಬಿದ್ದು ಎದ್ದರೆ
ನೆಲದಲ್ಲಿ ಬೆವರಿನ ಹೆಂಗಸೊಬ್ಬಳು ಉಳಿಯುತ್ತಿದ್ದಳು,
ಕೈಕಾಲು ಚಾಚಿ, ನನಗಿಂತ ಧಾರಾಳವಾಗಿ,
ಫ್ಯಾನಿನ ಗಾಳಿಗೆ ಅಂಚಿನಿಂದ ಒಣಗುತ್ತ.
ಅವಳನ್ನು ನೋಡಲೆಂದೇ ದಿನವೂ ಹೋಗುತ್ತಿದ್ದೆ.

ಆ ಶನಿವಾರ ಹಲಗೆಯ ಮೇಲೆ ಸೀಮೆಸುಣ್ಣ:
ಇಪ್ಪತ್ತೊಂದು, ಹದಿನೈದು, ಒಂಬತ್ತು.
ಬಾರ್ ತಲೆಯ ಮೇಲಕ್ಕೆ; ಆಮೇಲೆ ರಬ್ಬರ್ ಪಟ್ಟಿಗೆ ಕಾಲಿಟ್ಟು
ಕಂಬಿಗೆ ಜೋತು, ಗಲ್ಲ ಮೇಲಕ್ಕೆ.
ಕೆಂಪು ಅಂಕಿಯ ಗಡಿಯಾರ ಓಡುತ್ತಿದೆ.
ಪಕ್ಕದ ಸುತ್ತಿನಲ್ಲಿ ದ್ರಾಕ್ಷಿ ತೋಟದ ಸುಭಾಷಿಣಿ
ನನಗೆ ಕೇಳಲೆಂದೇ ಜೋರಾಗಿ ಎಣಿಸುತ್ತಾಳೆ.
ಹದಿನೈದರ ನಡುವೆ ಭುಜ ಏನೋ ಹೇಳಿತು, ಮೆಲ್ಲಗೆ.
ಕೌಂಟರಿನ ದನಿಯಲ್ಲೇ ಅಂದೆ: ಸಾಲಲ್ಲಿ ಬನ್ನಿ.
"ಇನ್ನೊಂದು ಅಕ್ಕಾ, ಇನ್ನೊಂದು!" ಚಪ್ಪಾಳೆ.
ಒಂಬತ್ತರಲ್ಲಿ ಆರನೆಯದು.

ದೊಡ್ಡ ಶಬ್ದವೇನಲ್ಲ.
ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಬಷೀರ್ ಸಾಬರು ಮಾತ್ರ ತಲೆ ಎತ್ತಿದರು.
ನಲವತ್ತು ವರ್ಷ ಬಿಸಿನೀರಲ್ಲಿ ಬೆಂದ ಬೆರಳು, ತುದಿಯಲ್ಲಿ ಗೆರೆಯೇ ಇಲ್ಲ.
ಆಧಾರ್ ಯಂತ್ರಕ್ಕೆ ಅವರ ಗುರುತು ಸಿಗುವುದಿಲ್ಲ;
ಪಿಂಚಣಿಗೆ ಬಂದಾಗ ಹೆಬ್ಬೆರಳನ್ನು ಅಂಗಿಗೆ ಒರೆಸಿ ಒರೆಸಿ
ನನ್ನೆದುರೇ ಒತ್ತುತ್ತಾರೆ.
ಲೋಟ ಕೆಳಗಿಟ್ಟು ಮಗನಿಗೆ ಅಂದರು:
"ಗಡಿಯಾರ ನೋಡ್ಕೊಂಡು ಚರಕ ತಿರುಗಿಸ್ತಾರೇನೋ?
ಎಳೆ ನೋಡ್ಬೇಕು, ಎಳೆ."

ಚಿಕ್ಕಬಳ್ಳಾಪುರದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು.
ಅರ್ಧ ಹರಿದಿದೆ, ಅರ್ಧ ಹಿಡಿದಿದೆ.
ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ, ಅಂದರು.
ಅವರ ಹೊಟ್ಟೆ ಮೇಜಿಗೆ ತಾಗಿತ್ತು. ನಾನು ಸುಮ್ಮನಿದ್ದೆ.
ಇಮ್ತಿಯಾಜ್ ಬಂದು, ಚಪ್ಪಲಿ ಬಿಡುವಲ್ಲೇ ನಿಂತು,
ನನ್ನ ತಪ್ಪು ಅಂದ. ನನ್ನದೂ ಅಂದೆ.
ಪಾಲು ಹೇಗೆ ಮಾಡುವುದೋ ಇಬ್ಬರಿಗೂ ತಿಳಿಯಲಿಲ್ಲ.

ಆರು ವಾರ ಬಲಗೈ ಜೋಳಿಗೆಯಲ್ಲಿ.
ಎಡಗೈಯಲ್ಲಿ ಮೊಹರು ಒತ್ತಿದೆ; ತಾರೀಖು ಓರೆ, ಊರಿನ ಹೆಸರೂ ಓರೆ.
ಆ ದಿನಗಳಲ್ಲಿ ಶಿಡ್ಲಘಟ್ಟ ಬಿಟ್ಟ ಕಾಗದಗಳೆಲ್ಲ
ಒಂದು ಕಡೆಗೆ ವಾಲಿಕೊಂಡೇ ಹೋದವು.
ಯಾರೂ ದೂರು ಕೊಡಲಿಲ್ಲ.

ಏಳನೇ ವಾರ ಮತ್ತೆ ಶೆಡ್ಡು.
ಕೈಗೆ ಕೊಟ್ಟದ್ದು ಪ್ಲಾಸ್ಟಿಕ್ ಪೈಪು, ಖಾಲಿ,
ಒಳಗೆ ನೀರಿನ ತೂಕವೂ ಇಲ್ಲ.
ಗಡಿಯಾರದ ಮೇಲೆ ಯಾರದೋ ಟವೆಲು.
ಪೈಪು ಕಿವಿಯ ಮಟ್ಟಕ್ಕೆ ಬಂದು ನಡುಗಿತು.
ಬಷೀರ್ ಸಾಬರು ಎದ್ದು ಹತ್ತಿರ ಬಂದು
ಕಣ್ಣು ಕಿರಿದಾಗಿಸಿ ಭುಜವನ್ನೇ ನೋಡುತ್ತ ನಿಂತರು.
ಅವರು ತಲೆಯಾಡಿಸಿದಾಗ ಇಳಿಸಿದೆ. ಎಷ್ಟಾಯಿತೋ ಎಣಿಸಲಿಲ್ಲ.

ಆ ಹೆಂಗಸು ಅವತ್ತು ಬರಲಿಲ್ಲ.
ನೆಲಕ್ಕೆ ಊರಿ ಎದ್ದ ಕಡೆ
ಎಡ ಅಂಗೈಯೊಂದು ಒದ್ದೆಯಾಗಿ ಮೂಡಿತ್ತು,
ಗೆರೆಗಳ ಸಮೇತ.