ಡಬ್ಬಿಯ ಸದ್ದು

ಇಪ್ಪತ್ತಾರು ವರ್ಷ ಶಾಲೆ ಬಸ್ಸು ಓಡಿಸಿ
ಕೂಡಿಟ್ಟಿದ್ದರಲ್ಲಿ ಒಂದು ಪಾಲು ಹಲ್ಲಿಗೆ ಹೋಯಿತು,
ಮಿಕ್ಕಿದ್ದು ಈ ಗುಂಡಿಗೆ.
ಮಿಲಾನ್ ಕ್ರೆಯ್ಚಿ ಬುಲ್ಡೋಜರ್ ತಂದು
ಮೂರು ದಿನ ಹಿತ್ತಲು ಕೆದಕಿದ.
ಹದಿನಾಲ್ಕು ಅಡಿ ಬೇಕೇ ಬೇಕು, ಅಂದೆ,
ಇಲ್ಲದಿದ್ದರೆ ವಿಸ್ಕಾನ್ಸಿನ್ನಿನ ಚಳಿ
ತಳದವರೆಗೂ ಕೈ ಹಾಕುತ್ತೆ.
ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ:
"ವರ್ಲೀನ್, ಇದರಲ್ಲಿ ನಿನ್ನ ಬಸ್ಸನ್ನೇ ಮುಳುಗಿಸಬಹುದು."

ಏಪ್ರಿಲ್ಲಿನಲ್ಲಿ ಇನ್ನೂರು ಪರ್ಚ್ ಮರಿ ಬಂದವು,
ಪ್ಲಾಸ್ಟಿಕ್ ಚೀಲದಲ್ಲಿ, ಕಿರುಬೆರಳುದ್ದ,
ಹಳದಿ ಅನ್ನಲು ಇನ್ನೂ ಧೈರ್ಯ ಸಾಲದ ಹಳದಿ.
ಪಟ್ಟೆಗಳೋ, ಯಾರೋ ಅವಸರದಲ್ಲಿ
ಪೆನ್ಸಿಲ್ಲಲ್ಲಿ ಗೀಚಿ ಎದ್ದುಹೋದಂತೆ.
ಚೀಲವನ್ನು ಹಾಗೇ ಕೊಳದಲ್ಲಿ ತೇಲಿಬಿಟ್ಟು
ಒಳಗಿನ ನೀರೂ ಹೊರಗಿನ ನೀರೂ
ಒಂದೇ ತಂಪಾಗುವ ತನಕ ಕಾದೆ.
ಹೊಸ ಮಗುವನ್ನು ಬಸ್ಸು ಹತ್ತಿಸುವಾಗಲೂ
ಹೀಗೇ, ಬಾಗಿಲು ತೆರೆದಿಟ್ಟು.

ದಿನಾ ಸಂಜೆ ಐದೂವರೆಗೆ
ಹಳೇ ಕಾಫಿ ಡಬ್ಬಿಯಲ್ಲಿ ಕಾಳಿನಂಥ ತಿಂಡಿ.
ಎರಡು ಸಲ ಅಲ್ಲಾಡಿಸುತ್ತಿದ್ದೆ.
ಮೊದಲ ವಾರ ಒಂದೂ ಬರಲಿಲ್ಲ.
ಜೂನ್ ಹೊತ್ತಿಗೆ
ಆ ಮೂಲೆಯ ನೀರು ಕುದಿಯತೊಡಗಿತು:
ಮುಳ್ಳೆದ್ದ ಬೆನ್ನು, ಕೆಂಡದ ಬಣ್ಣಕ್ಕೆ ತಿರುಗಿದ ರೆಕ್ಕೆ,
ಒಂದರ ತಲೆಯ ಮೇಲೊಂದು.
ದೊಡ್ಡವು ಚಿಕ್ಕವನ್ನು ನುಂಗಿದ್ದನ್ನೂ ಕಂಡೆ.
ಹಿಂದಿನ ಸೀಟುಗಳ ನೆನಪಾಯಿತು.

ಜನವರಿಯಲ್ಲಿ ಊರವರು ಬೀದಿಗೆ ಎಸೆದ
ಕ್ರಿಸ್‌ಮಸ್ ಮರಗಳನ್ನು ಎಳೆದು ತಂದು
ಕಾಂಡಕ್ಕೆ ಇಟ್ಟಿಗೆ ಕಟ್ಟಿ ಹಿಮದ ಮೇಲಿಟ್ಟೆ;
ಹಿಮ ಕರಗಿದ ದಿನ ಅವು ತಾವೇ ಇಳಿದವು.
ಮೂರನೇ ವಸಂತಕ್ಕೆ ಕೊಂಬೆಕೊಂಬೆಗೆ ತತ್ತಿ,
ನೆರಿಗೆ ನೆರಿಗೆಯಾಗಿ, ಆಳುದ್ದ, ಲೋಳೆ ಲೋಳೆ,
ಬಿಚ್ಚಿಟ್ಟ ಅಲಂಕಾರ
ದಾರಿ ಕೇಳಿಕೊಂಡು ಮರಳಿ ಬಂದ ಹಾಗೆ.

ತಿನ್ನಲೆಂದೇ ಸಾಕಿದ್ದು. ಮುಚ್ಚುಮರೆ ಇಲ್ಲ.
ಶುಕ್ರವಾರ ನಮ್ಮ ಕಡೆ ಮೀನು ಕರಿಯುವ ದಿನ.
ಆದರೆ ಶುಕ್ರವಾರ ನಾನು ಡಬ್ಬಿ ಮುಟ್ಟುವುದಿಲ್ಲ.
ಆಚೆ ದಡಕ್ಕೆ ಹೋಗಿ, ಬೇರೆ ಟೋಪಿ ಹಾಕಿ
(ನಗುವವರು ನಗಲಿ)
ಎರೆಹುಳು ಚುಚ್ಚಿ ಗಾಳ ಇಳಿಬಿಟ್ಟು
ಯಾರೋ ಅಪರಿಚಿತಳಂತೆ ಕೂರುತ್ತೇನೆ.
ಪರ್ಚು ಎಳೆಯುವುದಿಲ್ಲ, ತಟ್ಟುತ್ತದೆ,
ನೆರೆಮನೆ ಬಾಗಿಲಲ್ಲಿ ಸಕ್ಕರೆ ಕೇಳಲು ನಿಂತ ಮಗುವಿನ ಹಾಗೆ,
ಮೆಲ್ಲಗೆ, ಎರಡು ಸಲ.
ಆಮೇಲೆ ದಾರದಲ್ಲಿ ಭಾರ.
ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಆಲೂಗಡ್ಡೆ.

ತಂಗಿಯ ಮೊಮ್ಮಗಳ ದೀಕ್ಷಾಸ್ನಾನದ ಶುಕ್ರವಾರ
ಹದಿನಾಲ್ಕು ತಟ್ಟೆ ಹಾಕಿತ್ತು.
ಭಾವ ಎಲ್ರಾಯ್ ಮುಕ್ಕಾಲು ಗಂಟೆ ಗಾಳ ಹಿಡಿದು ಕೂತ,
ಒಂದೂ ತಟ್ಟಲಿಲ್ಲ.
ನಾನು ಅಡುಗೆಮನೆಯಲ್ಲಿ ಬಿಯರಿಗೆ ಹಿಟ್ಟು ಕಲಸುತ್ತಿದ್ದೆ.
ಡಬ್ಬಿಯ ಸದ್ದು.
ಎರಡು ಸಲ.
ಹಿಟ್ಟಿನಲ್ಲಿ ಕೈ ನಿಂತಿತು.
ನಂಬಿಸಿ ಕುತ್ತಿಗೆ ಕೊಯ್ಯುವುದು ಅಂತಾರೆ,
ಅದಕ್ಕೊಂದು ಸದ್ದಿದೆ ಅಂತ ಗೊತ್ತಿರಲಿಲ್ಲ.
ಉಂಡ ಮನೆಗೆ ಎರಡು ಬಗೆಯಬಾರದು, ಸರಿ,
ಉಣಿಸಿದ ಮನೆ?
ಕೂಗಿ ತಡೆಯಬಹುದಿತ್ತು. ಕಿಟಕಿ ತೆರೆದೇ ಇತ್ತು.
ಹತ್ತು ನಿಮಿಷಕ್ಕೆ ಇಪ್ಪತ್ತೆರಡು ಮೀನು ತಂದ,
ಬಕೆಟ್ಟು ತುಂಬ ಪಟಪಟ.

ಕರಿದೆ. ನಿಂಬೆ ಹಿಂಡಿದೆ.
ತಿಂದೆನೋ? ತಿಂದೆ.
ರುಚಿಯಾಗಿತ್ತು, ಅದೇ ಕಷ್ಟ.

ಮರುದಿನ ಐದೂವರೆಗೆ ಹೋಗಿ
ಹೆದರುತ್ತಾ ಡಬ್ಬಿ ಅಲ್ಲಾಡಿಸಿದೆ.
ಬಂದವು.
ಒಂದು ದಿನವಾದರೂ ಮುನಿಸಿಕೊಳ್ಳಬಾರದಿತ್ತೇ.
ನೀರು ಎಂದಿನಂತೆ ಕುದಿಯಿತು.
ಬಸ್ಸಿನಲ್ಲಿ ಒಂದು ಸೀಟು ಖಾಲಿಯಿದ್ದರೆ
ಕನ್ನಡಿಯಲ್ಲೇ ಗೊತ್ತಾಗುತ್ತಿತ್ತು ನನಗೆ,
ಯಾರು ಬಂದಿಲ್ಲ, ಯಾರ ತಮ್ಮ, ಯಾವ ತಿರುವು.
ಇಲ್ಲಿ ಇಪ್ಪತ್ತೆರಡು ಕಡಿಮೆ,
ಎಷ್ಟು ಬಾಗಿ ನೋಡಿದರೂ
ಯಾರು ಅಂತ ತಿಳಿಯಲಿಲ್ಲ.
ಒಂದು ಹಿಡಿ ಹೆಚ್ಚಾಗೇ ಹಾಕಿ ಬಂದೆ.